ನಿಶಿವಾಕಿ ಮನೆಯ ಹುಡುಗಿ

ನಿಶಿವಾಕಿ ಕೊಟ್ಟ ಕೇಕಿನ ಡಬ್ಬ ಸ್ವಲ್ಪ ದೊಡ್ಡದಾಯಿತು. ಎಲ್ಲ ಅಲ್ಲಿಂದಲೇ ಶುರು.

ಹಿಗಾಶಿ-ಓಸಾಕಾದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಗೋಡೆ ಎಂಬುದು ಹೆಸರಿಗೆ ಗೋಡೆ. ಈಚೆ ಮನೆಯವರು ಮೂಲಂಗಿ ಉಪ್ಪಿನಕಾಯಿ ಕಡಿದರೆ ಆಚೆ ಮನೆಯವರ ಬಾಯಲ್ಲಿ ನೀರೂರುತ್ತದೆ. ಹಾಗಾಗಿ ಸದ್ದು ಮಾಡುವ ಕೆಲಸ ಇದ್ದವರು ಮೊದಲೇ ಪಕ್ಕದ ಮನೆಗೂ ಕೆಳಗಿನ ಮನೆಗೂ ಹೋಗಿ, ಸೊಂಟ ಬಗ್ಗಿಸಿ, ತೊಂದರೆ ಕೊಡುತ್ತಿದ್ದೇನೆ ಮನ್ನಿಸಿ ಎಂದು ಒಂದು ಪೊಟ್ಟಣ ಕೊಟ್ಟು ಬರಬೇಕು. ತಪ್ಪಿಗೆ ಮುಂಚೆಯೇ ದಂಡ ಕಟ್ಟುವ ಪದ್ಧತಿ. ಪೊಟ್ಟಣ ಇಸಿದುಕೊಂಡವರು ಆಮೇಲೆ ಸೂರು ಕಳಚಿ ತಲೆ ಮೇಲೆ ಬಿದ್ದರೂ ಬಾಯಿ ಬಿಡುವಂತಿಲ್ಲ. ಇದಕ್ಕೊಂದು ಅಳತೆಯೂ ಇದೆ. ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಗೋಡೆಗೆ ಮೊಳೆ ಹೊಡೆಯುವುದಾದರೆ ಒಂದು ಕೈವಸ್ತ್ರ. ಹೊಸ ಕಪಾಟು ತರುವುದಾದರೆ ಒಣ ನೂಡಲ್ಸ್. ಬಚ್ಚಲು ಒಡೆದು ಕಟ್ಟಿಸುವುದಾದರೆ ಸೋಪಿನ ಪೆಟ್ಟಿಗೆ.

ನಿಶಿವಾಕಿ ಕೊಟ್ಟದ್ದು ಪೇಟೆಯ ದೊಡ್ಡ ಅಂಗಡಿಯ ಕ್ಯಾಸ್ಟೆಲ್ಲಾ ಕೇಕು. ಮರದ ಡಬ್ಬದಲ್ಲಿಟ್ಟು ರೇಷ್ಮೆ ದಾರ ಕಟ್ಟಿದ್ದು. ಅಷ್ಟು ದೊಡ್ಡ ಡಬ್ಬ ಕೊಟ್ಟು ಅವನು ಹೇಳಿದ್ದು ಇಷ್ಟೇ: "ಇವತ್ತು ಸಣ್ಣ ಸದ್ದು ಬರಬಹುದು. ದಯವಿಟ್ಟು ಮನ್ನಿಸಿ."

ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ಅವನು ಅಷ್ಟು ದೊಡ್ಡದನ್ನು ಕೊಟ್ಟದ್ದು ಧಾರಾಳತನದಿಂದಲ್ಲ, ಹೆದರಿಕೆಯಿಂದ. ಬೋಲ್ಟು ಮಾಡುವ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಹಿಡಿದು ತಲೆ ನೆರೆಸಿಕೊಂಡ ಮನುಷ್ಯ ನಿಶಿವಾಕಿ. ನಾಲ್ಕು ವರ್ಷದಿಂದ ಮನೆಯ ಒಂದೇ ಒಂದು ಖಾಲಿ ಮೂಲೆಯಲ್ಲಿ ಗ್ರಾಮಫೋನ್ ರೆಕಾರ್ಡು ತಿರುಗಿಸುವ ಯಂತ್ರ ಕಟ್ಟುತ್ತಿದ್ದ. ಹೆಂಡತಿ ಸುಮಿಯೆ ಮದುವೆಯಲ್ಲಿ ತಂದ ಹಳೆಯ ಪ್ಲೇಯರು ಕೆಟ್ಟಾಗ ಅವಳು ಅಂಗಡಿಯಿಂದ ಹೊಸದು ತರೋಣ ಎಂದಿದ್ದಳು. ಅಂಗಡಿಯವು ಪ್ಲಾಸ್ಟಿಕ್ ಆಟಿಕೆ, ನಾನೇ ಮಾಡುತ್ತೇನೆ ಎಂದು ಇವನು ಎದೆ ತಟ್ಟಿದ. ಆ ಎದೆ ತಟ್ಟಿದ ಸದ್ದು ಬಿಟ್ಟರೆ ನಾಲ್ಕು ವರ್ಷ ಆ ಮನೆಯಲ್ಲಿ ಸಂಗೀತವಿರಲಿಲ್ಲ.

ಯಂತ್ರವೇನೋ ನೋಡಲು ರಾಜಗಾಂಭೀರ್ಯದ್ದು. ಅಡಿಪಾಯಕ್ಕೆ ತೀರಿಹೋದ ಅಪ್ಪನ ಗೋ ಆಟದ ಹಲಗೆ, ಒಂದು ಗೇಣು ದಪ್ಪದ ಮರ, ಅಪ್ಪ ಜೀವಮಾನವಿಡೀ ಸೋತ ಹಲಗೆ. ಅದರ ಮೇಲೆ ಕಾರ್ಖಾನೆಯ ಲೇತಿನಲ್ಲಿ ಊಟದ ಬಿಡುವಿನಲ್ಲಿ ಕದ್ದುಮುಚ್ಚಿ ಕಡೆದ ಹಿತ್ತಾಳೆಯ ತಟ್ಟೆ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಮುಳ್ಳು ಹಿಡಿಯುವ ತೋಳಿಗೆ ಬಿದಿರಿನ ಗಾಳದ ಕೋಲಿನ ತುದಿ. ಮೋಟಾರಿನಿಂದ ತಟ್ಟೆಗೆ ಹಾದ ಪಟ್ಟಿ ಸುಮಿಯೆಯ ಹೊಲಿಗೆ ಡಬ್ಬಿಯಿಂದ ಎಗರಿಸಿದ ರೇಷ್ಮೆ ನೂಲು. ಮೋಟಾರು ಮಾತ್ರ ಟೋಕಿಯೋದ ಹಳೇ ಸಾಮಾನಿನವನಿಂದ ಅಂಚೆಯಲ್ಲಿ ಬಂದದ್ದು. ಬಂದು ವಾರವಾಗಿತ್ತು.

ಆ ಭಾನುವಾರ ಬೆಳಿಗ್ಗೆ ಸುಮಿಯೆ ನಾರಾದಲ್ಲಿದ್ದ ಅಕ್ಕನ ಮನೆಗೆ ಉಪ್ಪಿನಕಾಯಿ ಹಾಕಲು ಹೊರಟವಳು ಚಪ್ಪಲಿ ಮೆಟ್ಟುತ್ತಾ ತೀರ್ಪು ಕೊಟ್ಟಳು.

"ಸಂಜೆ ಬರ್ತೀನಿ. ಆ ದೆವ್ವ ಹಾಡಿದ್ರೆ ಹಾಡಲಿ. ಆದ್ರೆ ಅದರ ಸದ್ದು ಅಂತ ಅಕ್ಕಪಕ್ಕದವರು ಒಬ್ಬರೇ ಒಬ್ಬರು ಈ ಬಾಗಿಲಿಗೆ ಬಂದ್ರೂ, ಅದು ದೊಡ್ಡ ಕಸದ ಗಾಡಿಗೆ. ನಾಲ್ಕು ವರ್ಷ ಸುಮ್ಮನಿದ್ದೀನಿ. ಇನ್ನು ಇವರ ಮುಂದೆ ತಲೆ ತಗ್ಗಿಸೋಕೆ ನನ್ನಿಂದಾಗಲ್ಲ."

ಸುಮಿಯೆ ಹೇಳಿದರೆ ಹೇಳಿದ ಹಾಗೆ. ಹಿಂದೆ ಅವನ ಗಾಳದ ಬುಟ್ಟಿಗಳೂ ಹೀಗೇ ಗಾಡಿ ಹತ್ತಿದ್ದವು. ಅದಕ್ಕೇ ಆ ಕ್ಯಾಸ್ಟೆಲ್ಲಾ.

ಪಕ್ಕದ ಮನೆಯ ಮಿನೆಕೊ ವಿಧವೆ, ಅರವತ್ತು ದಾಟಿದವಳು. ಮೂಗು ಚಿಕ್ಕದು, ಅದು ಹೋಗದ ಜಾಗವಿಲ್ಲ. ಡಬ್ಬ ಬಿಚ್ಚಿ, ಒಂದು ತುಂಡು ಬಾಯಿಗಿಟ್ಟು, ಆಮೇಲೆ ಯೋಚನೆಗೆ ತೊಡಗಿದಳು. ಮೊದಲು ಯೋಚಿಸಿ ಆಮೇಲೆ ತಿಂದಿದ್ದರೆ ಅವಳಿಗೆ ಹಿಂದಿರುಗಿಸುವ ದಾರಿಯಾದರೂ ಇರುತ್ತಿತ್ತು. ಇನ್ನೊಂದು ತುಂಡು ತಿಂದು ಕೆಳಗಿನ ಮನೆಗೆ ಇಳಿದಳು. ಅಲ್ಲಿದ್ದವನು ಕುಮೆದಾ, ಬಸ್ಸು ಓಡಿಸಿ ನಿವೃತ್ತನಾದವನು, ಆ ವರ್ಷ ಆ ಮೆಟ್ಟಿಲಿನ ಮನೆಗಳಿಗೆಲ್ಲ ಮುಖಂಡ. ಬಾಗಿಲು ತೆರೆದಾಗ ಅವನ ಮೀಸೆಯಲ್ಲೂ ಕೇಕಿನ ಪುಡಿಯಿತ್ತು.

ಇಬ್ಬರೂ ಚಹಾ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಮರದ ಡಬ್ಬ ಅಂದರೆ ಬಚ್ಚಲಲ್ಲ, ಗೋಡೆಯನ್ನೇ ಒಡೆಯುತ್ತಾನೆ ಎಂದು ಮಿನೆಕೊ. ಸರ್ಕಾರಿ ಮನೆಯ ಗೋಡೆ ಒಡೆಯುವಂತಿಲ್ಲ, ನಾಯಿ ಸಾಕುತ್ತಾನೆ ಎಂದು ಕುಮೆದಾ. ನಾಯಿಗೆ ಇಷ್ಟು ಬೇಕಿಲ್ಲ, ಕರಡಿ ಸಾಕಿದರೆ ಸರಿಯಾಗುತ್ತದೆ ಎಂದು ಮಿನೆಕೊ. ಹೆಂಡತಿ ಊರಲ್ಲಿಲ್ಲದ ದಿನವನ್ನೇ ಯಾಕೆ ಹುಡುಕಿಕೊಂಡ ಎಂದು ಅವಳೇ ಕೇಳಿದಾಗ ಮಾತ್ರ ಕುಮೆದಾ ಚಹಾ ಬಟ್ಟಲು ಕೆಳಗಿಟ್ಟ.

"ಮಿನೆಕೊ ಅಕ್ಕ, ನಾವು ತಿಂದಾಗಿದೆ. ಇನ್ನು ಕೇಳೋ ಹಾಗಿಲ್ಲ."

"ಕೇಳೋದಿಲ್ಲಪ್ಪ. ಕಿವಿ ಕೊಟ್ಟು ಕೂರ್ತೀನಿ, ಅಷ್ಟೇ. ಕಿವಿ ನಂದೇ ತಾನೆ?"

ಮನೆಗೆ ಬಂದವಳೇ ಖಾಲಿ ಬಟ್ಟಲೊಂದನ್ನು ಗೋಡೆಗೆ ಕವುಚಿ, ಅದರ ತಳಕ್ಕೆ ಕಿವಿ ಹಚ್ಚಿ ಕೂತಳು.

ಗೋಡೆಯಾಚೆ ನಿಶಿವಾಕಿ ಹೆಂಡತಿಯ ಮೆಚ್ಚಿನ ರೆಕಾರ್ಡನ್ನು ಎರಡೂ ಕೈಯಲ್ಲಿ ಹಸುಗೂಸಿನಂತೆ ತಂದು ತಟ್ಟೆಯ ಮೇಲಿಟ್ಟ. ಮುಂಬದಿಯ ಹಾಡು ಊರಿಗೆಲ್ಲ ಗೊತ್ತು. ಸುಮಿಯೆಗೆ ಇಷ್ಟವಾದದ್ದು ಹಿಂಬದಿಯದು, ಯಾರೂ ಕೇಳದ್ದು. ಹೆಂಡದಂಗಡಿಯಲ್ಲಿ ಇಪ್ಪತ್ತು ವರ್ಷ ಹೊಗೆ ಕುಡಿದಂಥ ಗಂಟಲಿನ ಹೆಂಗಸೊಬ್ಬಳು ಹಾಡುತ್ತಾ ಹಾಡುತ್ತಾ ನಡುವೆ ನಿಲ್ಲಿಸಿ, ಹೊರಟು ನಿಂತ ಗಂಡಸಿಗೆ ಮಾತಲ್ಲೇ ಅಂಗಲಾಚುತ್ತಾಳೆ. ಆ ಮಾತಿನ ಹಿಂದೆ ವಾದ್ಯ ಇಲ್ಲವೆನ್ನುವಷ್ಟು ಕಡಿಮೆ. ಮೋಟಾರು ಗುಂಯ್‌ಗುಟ್ಟುತ್ತದೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಿಶಿವಾಕಿ ಮುಳ್ಳನ್ನು ನೇರ ಅಲ್ಲಿಗೇ ಇಳಿಸಿದ.

"ಹೋಗಬೇಡಿ. ಮನೆಯಲ್ಲಿ ದೀಪ ಹಚ್ಚಿಟ್ಟು ಕಾಯುವವಳಿದ್ದಾಳೆ, ಗೊತ್ತು. ಆದರೂ ಹೋಗಬೇಡಿ."

ಮೋಟಾರು ಗುಂಯ್ ಎನ್ನಲಿಲ್ಲ. ಆದರೆ ಆ ಹೊಗೆ ಕುಡಿದ ಹೆಂಗಸು ಎಲ್ಲೋ ಮಾಯವಾಗಿದ್ದಳು. ಅವಳ ಜಾಗದಲ್ಲಿ ಇನ್ನೂ ಇಪ್ಪತ್ತು ತುಂಬದ, ಬೆಲ್ಲ ಮೆದ್ದಂಥ ದನಿಯ ಹುಡುಗಿ ಅವಸರ ಅವಸರವಾಗಿ ಅಳುತ್ತಿದ್ದಳು.

ನಿಶಿವಾಕಿ ನೂಲು ಬಿಗಿ ಮಾಡಿದ. ಹುಡುಗಿ ಅತ್ತಳು. ನೂಲು ಸಡಿಲ ಮಾಡಿದ. ಹುಡುಗಿ ಅಷ್ಟೇ ಅವಸರದಲ್ಲಿ ಅತ್ತಳು. ಸಾಲದ್ದಕ್ಕೆ ಬಿದಿರಿನ ತೋಳು ಹಗುರವಾಗಿ, ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡು, ಹೋಗಬೇಡಿ, ಹೋಗಬೇಡಿ, ಹೋಗಬೇಡಿ ಎಂದು ಸುತ್ತತೊಡಗಿತು. ನಿಶಿವಾಕಿ ಯಂತ್ರದೊಂದಿಗೆ ಮಾತಾಡುವ ಚಾಳಿಯವನು. ಲೇತಿನವರೆಲ್ಲ ಹಾಗೇ. ಮೊದಲು ಪುಸಲಾಯಿಸಿದ, ಆಮೇಲೆ ರೇಗಿದ.

"ಬಾಯ್ಮುಚ್ಚೇ ಸಾಕು. ಸುಮಿಯೆ ಬರೋದ್ರೊಳಗೆ ನಿನಗೊಂದು ಗತಿ ಕಾಣಿಸ್ತೀನಿ."

ಮಿನೆಕೊಳ ಕೈಯಿಂದ ಬಟ್ಟಲು ಜಾರಿತು.

ಸ್ವಲ್ಪ ಹೊತ್ತಿಗೆ ಕುಮೆದಾ ನಿಶಿವಾಕಿಯ ಬಾಗಿಲು ತಟ್ಟಿದ. ಬಾಲ್ಕನಿಯ ನೀರಿನ ಕೊಳವೆ ಕಟ್ಟಿಕೊಂಡಿದೆಯೋ ಏನೋ, ನೋಡಿ ಹೋಗೋಣ ಅಂತ ಬಂದೆ ಎಂದ. ಭಾನುವಾರ ಯಾವ ಮುಖಂಡ ಕೊಳವೆ ನೋಡುತ್ತಾನೆ? ದೂರು ಕೊಡಲು ಬಂದಿದ್ದಾನೆ, ಬಾಯಲ್ಲಿ ಹೇಳಲು ಕೇಕು ಅಡ್ಡ ಬಂದಿದೆ ಎಂದು ನಿಶಿವಾಕಿ ಎಣಿಸಿದ. ಯಂತ್ರ ಕಣ್ಣಿಗೆ ಬೀಳದಿದ್ದರೆ ದೂರಿಗೆ ಬೇರಿಲ್ಲ. ಬಂದೆ ಬಂದೆ ಎಂದು ಒಳಗಿಂದಲೇ ಕೂಗುತ್ತಾ ಅದನ್ನು ಹಲಗೆ ಸಮೇತ ಹಾಸಿಗೆ ಮಡಚಿಡುವ ಗೂಡಿಗೆ ನೂಕಿ, ಮೇಲೆ ರಜಾಯಿ ಹೊದಿಸಿ, ಮೈಯೆಲ್ಲ ಬೆವರಾಗಿ ಬಾಗಿಲು ತೆರೆದ.

ಕುಮೆದಾ ಕೊಳವೆಯನ್ನು ನೋಡಲೇ ಇಲ್ಲ. ಗೂಡಿನ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ರಜಾಯಿ ಒಳಗೆ ಗುಬ್ಬಚ್ಚಿಯಂತೆ ಏನೋ ಮುದುರಿ ಕೂತಿತ್ತು.

"ಒಬ್ಬರೇ ಇದ್ದೀರಾ, ನಿಶಿವಾಕಿ ಅವರೇ?"

"ಒಬ್ಬನೇ. ಸದ್ದೇನಾದ್ರೂ ಬಂತಾ?"

"ಇಲ್ಲಪ್ಪ. ಕೇಕು ಬಹಳ ಚೆನ್ನಾಗಿತ್ತು."

ಇಬ್ಬರೂ ಒಬ್ಬರನ್ನೊಬ್ಬರು ನಂಬದೆ, ಒಬ್ಬರಿಗೊಬ್ಬರು ಬಗ್ಗಿ ನಮಸ್ಕರಿಸಿದರು. ಕುಮೆದಾ ಮೆಟ್ಟಿಲಿಳಿದು ಮಿನೆಕೊಗೆ ವರದಿ ಒಪ್ಪಿಸಿದ. ಅವಳು ಎದೆಗೆ ಕೈಯಿಟ್ಟುಕೊಂಡು, ಈಗ ತಿಳಿಯಿತು ಆ ಡಬ್ಬದ ಗಾತ್ರ ಎಂದಳು. ಬಾಯಿ ಮುಚ್ಚಿಸುವ ಕೇಕು. ತಿಂದವರೂ ಪಾಲುದಾರರು. ಪೊಲೀಸರಿಗೆ ಹೇಳೋಣವೆಂದರೆ ಅವರು ಮೊದಲು ಕೇಳುವುದು, ನೀವೆಷ್ಟು ತುಂಡು ತಿಂದಿರಿ ಎಂದು.

ಅತ್ತ ನಿಶಿವಾಕಿ ಯಂತ್ರವನ್ನು ಗೂಡಿನಿಂದ ಎಳೆದು, ಕನ್ನಡಕ ಏರಿಸಿ, ಮೊದಲ ಸಲ ಮೋಟಾರಿನ ಹೊಟ್ಟೆಗಂಟಿದ ತಗಡನ್ನು ಓದಿದ. ಓದಿ ತಲೆ ಚಚ್ಚಿಕೊಂಡ.

ಈ ದೇಶದಲ್ಲಿ ಕರೆಂಟಿಗೂ ಎರಡು ಜಾತಿ. ಪೂರ್ವದಲ್ಲಿ ಅದು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಪಶ್ಚಿಮದಲ್ಲಿ ಅರವತ್ತು ಸಲ. ಅಜ್ಜಂದಿರ ಕಾಲದಲ್ಲಿ ಟೋಕಿಯೋದವರು ಒಂದು ದೇಶದಿಂದ ಯಂತ್ರ ತರಿಸಿದರು, ಓಸಾಕಾದವರು ಇನ್ನೊಂದು ದೇಶದಿಂದ. ಆಮೇಲೆ ಇಬ್ಬರೂ ಸೋಲೊಪ್ಪಲಿಲ್ಲ. ಮಿಡಿತದ ಲೆಕ್ಕಕ್ಕೇ ತಿರುಗುವ ಮೋಟಾರು ಇದು. ಟೋಕಿಯೋದಲ್ಲಿ ಗಂಭೀರವಾಗಿ ನಡೆಯುತ್ತಿದ್ದದ್ದು ಓಸಾಕಾಕ್ಕೆ ಬಂದು ಓಡುತ್ತಿತ್ತು. ನಡುವಯಸ್ಸಿನ ಹೆಂಗಸು ಹುಡುಗಿಯಾದದ್ದು ಹೀಗೆ. ಲೇತಿನ ಮನುಷ್ಯನಾಗಿ ಇದನ್ನು ಮೊದಲೇ ನೋಡದ್ದಕ್ಕೆ ನಿಶಿವಾಕಿ ತನ್ನನ್ನು ಬಯ್ದುಕೊಳ್ಳಬೇಕಿತ್ತು. ಅವನು ಟೋಕಿಯೋದವರನ್ನು ಬಯ್ದ.

ಮದ್ದು ಸುಲಭವಿತ್ತು. ಮೋಟಾರಿನ ತಲೆಯ ಪುಟ್ಟ ಹಿತ್ತಾಳೆ ಗಾಲಿಯನ್ನು ಆರರಲ್ಲಿ ಒಂದು ಪಾಲು ಕಡೆದು ಸಣ್ಣ ಮಾಡಿದರೆ ವೇಗ ಸರಿಹೋಗುತ್ತದೆ. ಗಾಲಿ ಬಿಚ್ಚಿ ಎಣ್ಣೆಬಟ್ಟೆಯಲ್ಲಿ ಸುತ್ತಿ, ಬಾಗಿಲಿಗೆ ಬೀಗ ಹಾಕಿ, ಮತ್ತೆರಡು ಸಲ ಜಗ್ಗಿ ನೋಡಿ ಮೆಟ್ಟಿಲಿಳಿದ. ಕೆಳಗೆ ಕುಮೆದಾ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದ. ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಕಾರ್ಖಾನೆಗೆ ಎಂದ ನಿಶಿವಾಕಿ. ರಜಾ ದಿನ ಯಾಕೆ ಎಂದಾಗ ಯಂತ್ರದ ಮಾತೆತ್ತಬಾರದೆಂದು ಅರ್ಧ ನುಂಗಿ ಹೇಳಿದ:

"ಸ್ವಲ್ಪ ಕತ್ತರಿಸೋ ಕೆಲಸ ಇದೆ. ಮನೆಯಲ್ಲಿ ಆಗಲ್ಲ, ಚೂರೆಲ್ಲ ಹಾರುತ್ತೆ."

ಕುಮೆದಾ ಪೊರಕೆಯನ್ನು ಎದೆಗೊತ್ತಿಕೊಂಡು ದಾರಿ ಬಿಟ್ಟ.

ಸೈಕಲ್ಲು ಮೂಲೆ ತಿರುಗಿದ್ದೇ ತಡ, ಕುಮೆದಾನೂ ಮಿನೆಕೊಳೂ ನಿಶಿವಾಕಿಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬಾಗಿಲಿನ ಅಂಚೆಕಂಡಿ ಎತ್ತಿ ಮಿನೆಕೊ ಒಳಗಿನ ಕತ್ತಲೆಗೆ ಬಾಯಿಟ್ಟಳು. ಮಗಳೇ, ಹೆದರಬೇಡ, ಅವನಿಲ್ಲ, ನಾವು ಒಳ್ಳೆಯವರು ಎಂದಳು. ಹಸಿವಾಗಿದ್ದರೆ ಹೇಳು, ಕೇಕಿದೆ, ಅಂದರೆ ಎರಡು ತುಂಡು ಉಳಿದಿದೆ ಎಂದಳು. ಒಳಗಿನಿಂದ ಗಡಿಯಾರದ ಸದ್ದಷ್ಟೇ ಬಂತು. ಕುಮೆದಾ ಬಸ್ಸಿನಲ್ಲಿ ನಿಲ್ದಾಣ ಕೂಗುತ್ತಿದ್ದ ದನಿಯಲ್ಲಿ, ಚಿಲಕ ತೆಗೆಯಲು ಆಗದಿದ್ದರೆ ನೆಲಕ್ಕೆ ಒಂದು ಸಲ ಕುಟ್ಟಿ ತಿಳಿಸಬೇಕಾಗಿ ವಿನಂತಿ ಎಂದ.

"ನನ್ನ ಮನೆಯೊಳಗೆ ಯಾರನ್ನ ಮಾತಾಡಿಸ್ತಾ ಇದ್ದೀರಾ?"

ಹಿಂದೆ ಸುಮಿಯೆ ನಿಂತಿದ್ದಳು. ಎರಡೂ ಕೈಯಲ್ಲಿ ಮೂಲಂಗಿ ಉಪ್ಪಿನಕಾಯಿಯ ಚೀಲ.

ಅಂಚೆಕಂಡಿ ಮಿನೆಕೊಳ ಬೆರಳ ಮೇಲೆ ಬಿತ್ತು. ಇಬ್ಬರೂ ಎದ್ದು, ಹೇಳಬಾರದು ಹೇಳಬಾರದು ಎನ್ನುತ್ತಲೇ ಎಲ್ಲವನ್ನೂ ಹೇಳಿದರು. ಹುಡುಗಿಯ ದನಿ. ರಜಾಯಿಯೊಳಗಿನ ಮುದ್ದೆ. ಕತ್ತರಿಸುವ ಕೆಲಸ. ಮಿನೆಕೊ ಹುಡುಗಿಯ ಮಾತನ್ನು ಅಳುದನಿಯಲ್ಲಿ ಆಡಿಯೂ ತೋರಿಸಿದಳು. ಮನೆಯಲ್ಲಿ ದೀಪ ಹಚ್ಚಿಟ್ಟು ಕಾಯುವವಳಿದ್ದಾಳೆ ಎಂಬಲ್ಲಿಗೆ ಬಂದಾಗ ಸುಮಿಯೆಯ ಮುಖ ಒಂದು ಥರ ಬಿಗಿಯಿತು. ಪಾಪ, ಎದೆ ಒಡೆಯಿತು ಎಂದುಕೊಂಡಳು ಮಿನೆಕೊ. ಸುಮಿಯೆ ಬೀಗ ತೆಗೆದು, ಒಳಗೆ ಬನ್ನಿ ಎಂದಳು. ಕರೆಯದಿದ್ದರೂ ಅವರು ಬರುವವರೇ.

ಮನೆಯಲ್ಲಿ ಹುಡುಗಿ ಇರಲಿಲ್ಲ. ಕುಮೆದಾ ಗೂಡಿನ ರಜಾಯಿಯನ್ನು ಪೊರಕೆಯ ಹಿಡಿಯಿಂದ ಎತ್ತಿ ನೋಡಿದ. ಅಲ್ಲೂ ಇರಲಿಲ್ಲ. ಓಡಿಹೋಗಿದ್ದಾಳೆ ಎಂದ. ಬೀಗ ಹಾಕಿದ ಬಾಗಿಲಿಂದ ಹೇಗೆ ಎಂದು ಸುಮಿಯೆ ಕೇಳಲಿಲ್ಲ. ಚಾಪೆಯ ಮೇಲೆ ಕೂತು ಎಲ್ಲರಿಗೂ ಚಹಾ ಬಗ್ಗಿಸಿದಳು.

ನಿಶಿವಾಕಿ ಶಿಳ್ಳೆ ಹಾಕುತ್ತಾ ಬಂದವನು ಮೂವರನ್ನೂ ಕಂಡು ಹೊಸ್ತಿಲಲ್ಲೇ ನಿಂತ. ಮಿನೆಕೊ ಒಂದೇ ಉಸಿರಿಗೆ ಆರೋಪ ಓದಿದಳು. ಕೇಳುತ್ತಾ ಕೇಳುತ್ತಾ ಅವನ ಮುಖದಲ್ಲಿ ನಗು ಅರಳಿತು. ಹುಡುಗಿಯೇ? ಇಷ್ಟೇ ತಾನೇ? ಈಗಲೇ ತೋರಿಸುತ್ತೇನೆ ಎಂದು ಕಡೆದು ತಂದ ಗಾಲಿಯನ್ನು ಮೋಟಾರಿಗೆ ಸಿಕ್ಕಿಸಿ, ನೂಲು ಹಾಯಿಸಿ, ತೋಳಿನ ತಲೆಗೆ ಕಡಲೆಯಷ್ಟು ಸೀಸ ಅಂಟಿಸಿ ಮುಳ್ಳು ಇಳಿಸಿದ.

"ಹೋಗಬೇಡಿ," ಎಂದಿತು ಯಂತ್ರ. ಹೊಗೆ ಕುಡಿದ ಗಂಟಲು. ತುಂಬಿದ, ಬಿರಿದ, ಬದುಕು ಕಂಡ ದನಿ. ಕೋಣೆಯ ನಡುವೆ ಆ ಹೆಂಗಸೇ ಬಂದು ಕೂತಂತಿತ್ತು. ಸುಮಿಯೆ ಕೈಯಲ್ಲಿನ ಬಟ್ಟಲನ್ನು ತುಟಿಗೆ ತರುವುದನ್ನು ಮರೆತಳು. ನಾಲ್ಕು ವರ್ಷದ ಮೇಲೆ ಕೇಳುತ್ತಿದ್ದಳು. ಒಂದು ಕ್ಷಣ, ಒಂದೇ ಕ್ಷಣ, ನಿಶಿವಾಕಿ ಈ ಭೂಮಿಯ ಮೇಲೆ ಗೆದ್ದ ಮನುಷ್ಯ.

"ಮಾತು ಅದೇ," ಎಂದಳು ಮಿನೆಕೊ. "ದನಿ ಅದಲ್ಲ."

ಕುಮೆದಾ ತಲೆಯಾಡಿಸಿದ. "ಹುಡುಗಿಯನ್ನ ಸಾಗಹಾಕಿ, ಅದೇ ಮಾತಿರೋ ರೆಕಾರ್ಡು ಹುಡುಕಿ ತಂದಿದಾರೆ. ತಲೆ ಅಂದ್ರೆ ತಲೆ."

ನಿಶಿವಾಕಿ ಐವತ್ತು ಅರವತ್ತರ ಕತೆ ಹೇಳಿದ. ಯಾರೂ ನಂಬಲಿಲ್ಲ. ಹಾಗಾದರೆ ಆ ಹುಡುಗಿದನಿಯನ್ನು ಇನ್ನೊಮ್ಮೆ ಬರಿಸಿ ತೋರಿಸು ಎಂದಳು ಮಿನೆಕೊ. ಬರಿಸುವುದು ಹೇಗೆ? ಗಾಲಿ ಸಣ್ಣದಾಗಿಹೋಗಿತ್ತು. ಕಡೆದ ಹಿತ್ತಾಳೆ ಕೂದಲಿನಂತೆ ಮತ್ತೆ ಬೆಳೆಯುವುದಿಲ್ಲ. ತನ್ನ ಸಾಕ್ಷಿಯನ್ನು ತಾನೇ ಕಾರ್ಖಾನೆಗೆ ಹೊತ್ತುಕೊಂಡು ಹೋಗಿ ಪುಡಿ ಮಾಡಿ ಬಂದಿದ್ದ. ಆಗ ಅವನಿಗೆ ಹೊಳೆಯಿತು. ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಸಾಕಲ್ಲ, ವೇಗ ಏರುತ್ತದೆ, ಹೆಂಗಸು ಹುಡುಗಿಯಾಗುತ್ತಾಳೆ. ಬೆರಳು ಚಾಚಿದ.

"ತಳ್ಳು," ಎಂದಳು ಸುಮಿಯೆ. ಬಂದಾಗಿನಿಂದ ಅವನೊಂದಿಗೆ ಆಡಿದ ಮೊದಲ ಮಾತು. "ತಳ್ಳು, ನೋಡೋಣ. ಹುಡುಗಿ ದನಿ ಬಂತು ಅಂದ್ರೆ, ಮಧ್ಯಾಹ್ನ ಗೋಡೆಯಾಚೆ ಕೇಳಿದ್ದು ಈ ಯಂತ್ರದ ಸದ್ದು. ಆ ಸದ್ದು ಕೇಳಿಯೇ ಇವರಿಬ್ಬರೂ ನನ್ನ ಬಾಗಿಲಿಗೆ ಬಂದಿದಾರೆ. ಬೆಳಿಗ್ಗೆ ನಾನು ಹೇಳಿದ್ದು ನೆನಪಿದೆ ತಾನೆ?"

ಬೆರಳು ಹಿತ್ತಾಳೆಯಿಂದ ಒಂದು ಕೂದಲೆಳೆಯ ದೂರದಲ್ಲಿ ನಿಂತಿತು.

ದೂರು ಕೊಡಲು ಬಂದಿಲ್ಲ, ಕೇಕು ತಿಂದವರು ನಾವು ಎಂದು ಕುಮೆದಾ ಗೊಣಗಿದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ನಿಶಿವಾಕಿ ಅಪ್ಪನ ಹಲಗೆಯನ್ನು ನೋಡಿದ, ಬಿದಿರಿನ ತೋಳನ್ನು ನೋಡಿದ. ಗಾಡಿಯವರು ಎತ್ತಿ ಎಸೆದಾಗ ಆ ಹಿತ್ತಾಳೆ ತಟ್ಟೆ ಮಾಡುವ ಸದ್ದು ಅವನಿಗೆ ಈಗಲೇ ಕೇಳಿಸಿತು. ಬೆರಳನ್ನು ಹಿಂದಕ್ಕೆ ತೆಗೆದು, ಮಡಚಿ, ತೊಡೆಯ ಮೇಲಿಟ್ಟುಕೊಂಡ.

"ಹುಡುಗಿ ಬಂದಿದ್ದಳು," ಎಂದ.

ಮಿನೆಕೊ ಬಹಳ ದಿನ ಕಟ್ಟಿದ್ದ ಮೂಗು ಬಿಟ್ಟವಳಂತೆ ತೃಪ್ತಿಯಿಂದ ಉಸಿರೆಳೆದಳು. ಕುಮೆದಾ ತನ್ನ ಕಾಲುಚೀಲದ ತೂತನ್ನು ನೋಡತೊಡಗಿದ.

"ಯಾರು?" ಸುಮಿಯೆ ಕೇಳಿದಳು.

"ಫ್ಯಾಕ್ಟರಿಯವಳು. ಹೊಸಬಳು."

"ಹೆಸರು?"

ನಿಶಿವಾಕಿ ಬಾಯಿ ತೆರೆದ. ಇಡೀ ಜಪಾನಿನಲ್ಲಿ ಒಂದು ಹೆಣ್ಣು ಹೆಸರೂ ಅವನ ನೆನಪಿಗೆ ಬರಲಿಲ್ಲ.

ಸುಮಿಯೆ ಅವನನ್ನು ತುಂಬ ಹೊತ್ತು ನೋಡಿದಳು. ನೆರೆತ ತಲೆ, ಎಣ್ಣೆ ಹಿಡಿದ ಉಗುರು, ಮಂಡಿಯಲ್ಲಿ ತೇಪೆ ಹಾಕಿದ ಪ್ಯಾಂಟು. ಆಮೇಲೆ ತಲೆದೂಗಿ, ಸರಿ ಎಂದಳು. ಸದ್ದಿನ ದೂರಲ್ಲ ಅಂದಮೇಲೆ ಯಂತ್ರ ಕಸಕ್ಕೆ ಹೋಗುವುದಿಲ್ಲ, ಕೊಟ್ಟ ಮಾತು ಮಾತೇ ಎಂದಳು. ನಿಶಿವಾಕಿಯ ಮುಖಕ್ಕೆ ರಕ್ತ ಬಂತು. ಮಾನ ಹೋದರೂ ಹಿತ್ತಾಳೆ ಉಳಿಯಿತಲ್ಲ ಎಂದು ಅವನು ಇನ್ನೇನು ಬಗ್ಗಿ ನಮಸ್ಕಾರ ಮಾಡಬೇಕು, ಅಷ್ಟರಲ್ಲಿ ಸುಮಿಯೆ ಎದ್ದು ಮುಳ್ಳೆತ್ತಿ, ತಿರುಗುತ್ತಿದ್ದ ರೆಕಾರ್ಡನ್ನು ತೆಗೆದು ಲಕೋಟೆಗೆ ಹಾಕಿದಳು. ಕಪಾಟಿನಲ್ಲಿದ್ದ ಉಳಿದವನ್ನೂ ತೆಗೆದಳು. ತವರಿನಿಂದ ತಂದ ರೆಕಾರ್ಡುಗಳು, ಒಂದೂ ಬಿಡದೆ. ದೊಡ್ಡ ಬಟ್ಟೆ ಹಾಸಿ, ಎಲ್ಲವನ್ನೂ ಅದರಲ್ಲಿಟ್ಟು ಗಂಟು ಕಟ್ಟಿದಳು.

"ಅಕ್ಕನ ಮನೇಲಿ ಅಂಗಡಿಯ ಪ್ಲೇಯರ್ ಇದೆ. ಪ್ಲಾಸ್ಟಿಕ್ಕಿನದು. ಚೆನ್ನಾಗೇ ಹಾಡುತ್ತೆ."

"ಸುಮಿಯೆ, ನಿನಗೆ ಗೊತ್ತಲ್ಲ, ಹುಡುಗಿ ಗಿಡುಗಿ ಯಾರೂ…"

"ಗೊತ್ತು. ನಾಲ್ಕು ವರ್ಷದಿಂದ ಗೊತ್ತು." ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಹಿತ್ತಾಳೆ ತಟ್ಟೆಯನ್ನು. "ಅವಳು ಈ ಮನೆ ಬಿಟ್ಟ ದಿನ ಫೋನ್ ಮಾಡು. ಬರ್ತೀನಿ."

ಗಂಟು ಭಾರವಿತ್ತು. ಕೆಳಗಿನವರೆಗೆ ಕುಮೆದಾ ಹೊತ್ತುಕೊಟ್ಟ. ಮಿನೆಕೊ ಒಂದೊಂದು ಮೆಟ್ಟಿಲಿಗೂ ಸುಮಿಯೆಗೆ ಸಮಾಧಾನ ಹೇಳುತ್ತಾ ಬಸ್ಸಿನವರೆಗೂ ಹೋದಳು.

ನಿಶಿವಾಕಿ ಒಬ್ಬನೇ ಕೂತು ಗುಂಡಿ ಒತ್ತಿದ. ತಟ್ಟೆ ತಿರುಗಿತು. ಅಷ್ಟು ಸಮನಾಗಿ, ಅಷ್ಟು ನೆಟ್ಟಗೆ ತಿರುಗುವ ತಟ್ಟೆ ಓಸಾಕಾದಲ್ಲಿ ಇನ್ನೊಂದಿರಲಾರದು. ಹಲಗೆಗೆ ಕಿವಿ ಹಚ್ಚಿದರೂ ಸದ್ದಿಲ್ಲ. ಇಂದಿಗೂ ಅದು ಹಾಗೇ ತಿರುಗುತ್ತಿದೆ, ಮೇಲೆ ಹಾಕಲು ಒಂದು ರೆಕಾರ್ಡೂ ಇಲ್ಲದೆ. ಅಕ್ಕಪಕ್ಕದವರಿಂದ ಈವರೆಗೆ ಒಂದು ದೂರೂ ಬಂದಿಲ್ಲ.